ಒಂದೇ ಹೆಸರಿನ ಬ್ರಿಟಿಷ್ ಹಡಗುಗಳನ್ನು ನಾನು ಬಿಡಿಸಿಕೊಳ್ಳುವುದು ಹೀಗೆ

ಹರ್ಮಿಸ್ 1814ರಲ್ಲಿ ಅಮೆರಿಕದ ಕೋಟೆಯೊಂದರ ಎದುರು ಸುಟ್ಟುಹೋಯಿತು. 1914ರಲ್ಲಿ ಜರ್ಮನ್ ಸಬ್‌ಮರೀನ್ ಹೊಡೆದು ಮುಳುಗಿಸಿತು. 1942ರಲ್ಲಿ ಸಿಲೋನ್ (ಈಗಿನ ಶ್ರೀಲಂಕಾ) ಹತ್ತಿರ ಜಪಾನಿ ವಿಮಾನಗಳು ಮುಳುಗಿಸಿದವು. 1982ರಲ್ಲಿ ಅದೇ ಹರ್ಮಿಸ್ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಪಡೆಯ ಮುಂದಾಳು ಹಡಗಾಗಿತ್ತು. ಹೆಸರೊಂದನ್ನೇ ಹಿಡಿದು ಓದಿದರೆ ತಲೆ ಕೆಡುತ್ತದೆ. ಇವು ನಾಲ್ಕು ಬೇರೆ ಬೇರೆ ಹಡಗುಗಳು.

ಬ್ರಿಟಿಷ್ ನೌಕಾಪಡೆಗೆ ಹೆಸರು ಅಂದರೆ ಮನೆತನದ ಆಸ್ತಿ. ಹಡಗು ಹೋದರೂ ಹೆಸರನ್ನು ಕೈಬಿಡುವುದಿಲ್ಲ. ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೊಂದು ಹೆಸರಿಗೂ ಒಂದೊಂದು ಪುಟ ಇಟ್ಟಿದ್ದೇನೆ. ಪ್ರತಿ ಹಡಗಿನ ಮುಂದೆ ಮೊದಲು ಬರೆಯುವುದು ಅದು ನೀರಿಗಿಳಿದ ವರ್ಷ. ಸೇವೆಗೆ ಸೇರಿದ ವರ್ಷವನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಸಿಲೋನ್ ಹತ್ತಿರ ಮುಳುಗಿದ ಹರ್ಮಿಸ್ ನೀರಿಗಿಳಿದದ್ದು 1919ರಲ್ಲಿ, ಸೇವೆಗೆ ಬಂದದ್ದು 1924ರಲ್ಲಿ. ಒಂದು ಪುಸ್ತಕ ಒಂದು ವರ್ಷ ಹಾಕುತ್ತದೆ, ಇನ್ನೊಂದು ಇನ್ನೊಂದನ್ನು. ಸುಮ್ನೆ ಎರಡನ್ನೂ ಬರೆದುಕೊಂಡರೆ ಒಂದೇ ಹಡಗು ಪಟ್ಟಿಯಲ್ಲಿ ಎರಡಾಗುತ್ತದೆ.

ಆಮೇಲೆ ಹಡಗಿನ ಕೊನೆ ಏನಾಯಿತು ಅಂತ ಹುಡುಕುತ್ತೇನೆ. ಮುಳುಗಿತೋ, ಗುಜರಿಗೆ ಹೋಯಿತೋ, ಮಾರಿದರೋ, ಹೆಸರು ಬದಲಾಯಿತೋ. ಜಾಸ್ತಿ ಗಂಟು ಬಿಚ್ಚುವುದು ಇಲ್ಲೇ. ಸೇವೆಯಲ್ಲಿರುವ ಎರಡು ಹಡಗಿಗೆ ಸಾಮಾನ್ಯವಾಗಿ ಒಂದೇ ಹೆಸರು ಇರುವುದಿಲ್ಲ. ಹೊಸದಕ್ಕೆ ಆ ಹೆಸರು ಬೇಕೆಂದರೆ ಹಳೆಯದು ಬಿಟ್ಟುಕೊಡಬೇಕು. ಆರ್ಕ್ ರಾಯಲ್ ವಿಷಯದಲ್ಲಿ ಆದದ್ದೂ ಅದೇ. 1914ರ ಆರ್ಕ್ ರಾಯಲ್ ಸೀಪ್ಲೇನ್ ಹೊರುವ ಹಡಗು. 1934ರಲ್ಲಿ ಅದಕ್ಕೆ ಪೆಗಾಸಸ್ ಅಂತ ಹೆಸರಿಟ್ಟರು, 1937ರಲ್ಲಿ ನೀರಿಗಿಳಿದ ಹೊಸ ವಿಮಾನವಾಹಕ ನೌಕೆ ಆರ್ಕ್ ರಾಯಲ್ ಆಯಿತು. ಹೊಸದು 1941ರಲ್ಲಿ ಜಿಬ್ರಾಲ್ಟರ್ ಹತ್ತಿರ ಟಾರ್ಪಿಡೊ ಬಿದ್ದು ಮುಳುಗಿತು. ಪೆಗಾಸಸ್ ಆಗಿದ್ದ ಹಳೆಯದು ಯುದ್ಧ ಮುಗಿಯುವವರೆಗೂ ಉಳಿಯಿತು!

ಕೆಲವು ಹಡಗುಗಳ ಹೆಸರು ನೀರಿಗಿಳಿಯುವ ಮೊದಲೇ ಬದಲಾಗಿರುತ್ತದೆ. ಫಾಕ್‌ಲ್ಯಾಂಡ್ಸ್ ಯುದ್ಧದ ಹರ್ಮಿಸ್, ಅಂದರೆ ಆಮೇಲೆ ನಮ್ಮ ಐಎನ್‌ಎಸ್ ವಿರಾಟ್ ಆದ ಹಡಗು, ಕಟ್ಟಲು ಶುರುವಾದದ್ದು 1944ರಲ್ಲಿ, ಎಲಿಫೆಂಟ್ ಅನ್ನುವ ಹೆಸರಲ್ಲಿ. ಆಗ ಹರ್ಮಿಸ್ ಅನ್ನುವುದು ಅದೇ ಮಾದರಿಯ ಬೇರೆ ಹಡಗಿಗೆ ಇಟ್ಟಿದ್ದ ಹೆಸರು. ಯುದ್ಧ ಮುಗಿದ ಮೇಲೆ ಆ ಹಡಗನ್ನು ರದ್ದು ಮಾಡಿ ಹೆಸರನ್ನು ಇದಕ್ಕೆ ಕೊಟ್ಟರು. 1953ರಲ್ಲಿ ನೀರಿಗಿಳಿದು, 1959ರಲ್ಲಿ ಸೇವೆಗೆ ಬಂದು, 1987ರಲ್ಲಿ ಭಾರತದ ವಿರಾಟ್ ಆಯಿತು. ಒಂದೇ ಹಡಗಿಗೆ ಮೂರು ಹೆಸರು. ಹಾಗಾಗಿ ಎಲಿಫೆಂಟ್ ಪುಟದಲ್ಲೂ ಇದಕ್ಕೊಂದು ಸಾಲಿದೆ.

ಅಡಿಬರಹ ಇಲ್ಲದ ಫೋಟೊ ಸಿಕ್ಕರೆ ಹಡಗಿನ ಆಕಾರ ನೋಡಬೇಕು. ಮೂರು ಚಿಮಣಿ ಇದ್ದರೆ 1898ರ ಕ್ರೂಸರ್ ಹರ್ಮಿಸ್. ಉದ್ದಕ್ಕೂ ನೇರವಾದ ಡೆಕ್, ಬಲಬದಿಯಲ್ಲಿ ದಪ್ಪ ಚಿಮಣಿ, ಅದರ ಮುಂದೆ ಮೂರು ಕಾಲಿನ ಎತ್ತರದ ಕಂಬ ಇದ್ದರೆ 1919ರದು. ಡೆಕ್ಕಿನ ಮುಂತುದಿ ಮೇಲಕ್ಕೆ ಬಾಗಿ ಸ್ಕೀ-ಜಂಪ್ ಕಂಡರೆ 1953ರದು, ಅದೂ 1980ರ ನಂತರದ ಚಿತ್ರ.

ಹಡಗಿನ ಬದಿಯ ನಂಬರ್ ನೋಡಿದರೆ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ನಮ್ಮಲ್ಲೇ ನೋಡಿ, 1961ರಲ್ಲಿ ಸೇವೆಗೆ ಬಂದ ವಿಕ್ರಾಂತ್‌ಗೂ 2022ರ ವಿಕ್ರಾಂತ್‌ಗೂ ಆರ್11 ನಂಬರೇ. ಅಂದಹಾಗೆ ಹಳೆಯ ವಿಕ್ರಾಂತ್ ಕೂಡ ಮೊದಲು ಬ್ರಿಟನ್ನಿನ ಹರ್ಕ್ಯುಲಿಸ್.

ಹಡಗೇ ಅಲ್ಲದ್ದೂ ಪಟ್ಟಿಗೆ ನುಸುಳುತ್ತದೆ. ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ ಅಲ್ವಾ? ಬ್ರಿಟನ್ನಿನಲ್ಲೂ ಹಾಗೇ. ಎಚ್‌ಎಂಎಸ್ ನೆಲ್ಸನ್ ಒಂದು ಕಾಲದಲ್ಲಿ ದೊಡ್ಡ ಯುದ್ಧನೌಕೆ, ಈಗ ಪೋರ್ಟ್ಸ್‌ಮತ್‌ನ ನೆಲೆ. ಇಂಥವನ್ನು ನಾನು ಪುಟದ ಕೊನೆಯಲ್ಲಿ ಬೇರೆಯಾಗಿ ಬರೆಯುತ್ತೇನೆ.

ಇಷ್ಟೆಲ್ಲಾ ಯಾಕೆ ಬೇಕು ಅಂದರೆ, ಬ್ರಿಟಿಷ್ ಪಡೆಯಲ್ಲಿ ಯುದ್ಧಗೌರವಗಳು ಹೆಸರಿನ ಜೊತೆ ಮುಂದಿನ ಹಡಗಿಗೆ ಹೋಗುತ್ತವೆ. ಹೊಸ ಹಡಗಿನ ಫಲಕದ ಮೇಲೆ ಹಿಂದಿನವು ಕಾದಿದ ಕದನಗಳ ಹೆಸರೂ ಇರುತ್ತದೆ. ಆದರೆ ಅಲ್ಲಿ ಸತ್ತವರು ಒಂದು ನಿರ್ದಿಷ್ಟ ಹಡಗಿನವರು. 1942ರ ಏಪ್ರಿಲ್ 9ರಂದು ಸಿಲೋನಿನ ಬಟ್ಟಿಕಲೋವಾ ಹತ್ತಿರ 300ಕ್ಕೂ ಹೆಚ್ಚು ಜನ ತೀರಿಕೊಂಡದ್ದು ಯಾವುದೋ ಹರ್ಮಿಸ್‌ನಲ್ಲಿ ಅಲ್ಲ. 1919ರ ಹರ್ಮಿಸ್‌ನಲ್ಲಿ. ಆ ಸಾಲನ್ನು ಸರಿಯಾಗಿ ಬರೆಯುವುದು ನನಗೆ ತುಂಬಾ ಮುಖ್ಯ.

ಈಚೆಗೆ ಮತ್ತೆ ತೆರೆದದ್ದು ಅಕಿಲೀಸ್ ಪುಟ. 2025ರ ಜನವರಿಯಲ್ಲಿ, ಅಜಿನ್‌ಕೋರ್ಟ್ ಆಗಬೇಕಿದ್ದ ಸಬ್‌ಮರೀನಿಗೆ ಅಕಿಲೀಸ್ ಅಂತ ಹೆಸರಿಟ್ಟರು. ಅದೇ ಪುಟದಲ್ಲಿ ಮೇಲೆ ಇರುವ ಇನ್ನೊಂದು ಹಡಗು 1932ರ ಕ್ರೂಸರ್ ಅಕಿಲೀಸ್. 1939ರಲ್ಲಿ ರಿವರ್ ಪ್ಲೇಟ್ ಕದನದಲ್ಲಿ ಕಾದಿ, 1948ರಲ್ಲಿ ಭಾರತಕ್ಕೆ ಬಂದು, ಕೊನೆಗೆ ಐಎನ್‌ಎಸ್ ಡೆಲ್ಲಿ ಆಗಿ 1978ರಲ್ಲಿ ಗುಜರಿಗೆ ಹೋದ ಹಡಗು ಅದು. ಡೆಲ್ಲಿ ಅನ್ನುವ ಹೆಸರನ್ನೂ ನಮ್ಮವರು 1997ರಲ್ಲಿ ಸೇವೆಗೆ ಬಂದ ಡಿಸ್ಟ್ರಾಯರಿಗೆ ಕೊಟ್ಟಿದ್ದಾರೆ. ಅದಕ್ಕೀಗ ಬೇರೆಯೇ ಪುಟ ಬೇಕು.