ಮರಳಿ ಬಂದ ಉದ್ಯೋಗಿಯ ಚಾಟ್ ಖಾತೆ ಕೈಕೊಟ್ಟಾಗ

"ಸರ್, ಅಕೌಂಟ್ ಆಕ್ಟಿವ್ ಆಗಿದೆ ಅಂತ ಮೇಲ್ ಬಂತು, ಆದ್ರೆ ಟೀಮ್ಸ್ ಒಳಗೆ ಹೋಗೋಕೇ ಆಗ್ತಿಲ್ಲ." ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಹೆಲ್ಪ್‌ಡೆಸ್ಕ್‌ನಲ್ಲಿ ಕೂತವರಿಗೆಲ್ಲ ಈ ಟಿಕೆಟ್ (ದೂರು) ಗೊತ್ತು. 26 ವಾರಗಳ ಹೆರಿಗೆ ರಜೆ ಮುಗಿಸಿದವರು, ಕೆಲಸ ಬಿಟ್ಟು ಮತ್ತೆ ಅದೇ ಕಂಪನಿಗೆ ಸೇರಿದವರು, ಕಾಂಟ್ರಾಕ್ಟ್‌ನಿಂದ ಪರ್ಮನೆಂಟ್ ಆದವರು, ಎಲ್ಲರೂ ಹೇಳುವುದು ಇದನ್ನೇ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು.

ಪಾಸ್‌ವರ್ಡ್ ರೀಸೆಟ್ ಮಾಡುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಹಳೆ ಖಾತೆಯನ್ನೇ ಎಬ್ಬಿಸಿದ್ದಾರೋ, ಅದೇ ಇಮೇಲ್ ವಿಳಾಸ ಕೊಟ್ಟು ಹೊಸ ಖಾತೆ ಮಾಡಿದ್ದಾರೋ? ನೋಡುವವರಿಗೆ ಎರಡೂ ಒಂದೇ. ಚಾಟ್ ಸಾಫ್ಟ್‌ವೇರ್ ಮಾತ್ರ ಇಮೇಲ್‌ನಿಂದಲ್ಲ, ಒಳಗಿನ ಐಡಿಯಿಂದ ಜನರನ್ನು ಗುರುತಿಸುತ್ತದೆ. ಟೀಮ್ಸ್ ಆದರೆ ಎಂಟ್ರಾ (ಬಳಕೆದಾರರ ಖಾತೆ ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಅಡ್ಮಿನ್ ಸೆಂಟರ್‌ನಲ್ಲಿ ಆಬ್ಜೆಕ್ಟ್ ಐಡಿ ಮತ್ತು ಖಾತೆ ಸೃಷ್ಟಿಯಾದ ದಿನಾಂಕ ನೋಡಿ. ಸ್ಲ್ಯಾಕ್ ಆದರೆ ಪ್ರೊಫೈಲ್‌ನ ಮೂರು ಚುಕ್ಕೆ ಒತ್ತಿ ಮೆಂಬರ್ ಐಡಿ ಕಾಪಿ ಮಾಡಿ, ಹಳೆಯದರ ಜೊತೆ ಹೋಲಿಸಿ. ದಿನಾಂಕ ಮೊನ್ನೆಯದಾಗಿದ್ದರೆ ಅದು ಹೊಸ ಖಾತೆ. ಹಳೆ ಚಾಟ್ ಅದರೊಳಗೆ ಬರುವುದಿಲ್ಲ, ಎಷ್ಟು ಸಲ ಲಾಗೌಟ್ ಮಾಡಿಸಿದರೂ ಅಷ್ಟೇ.

ಹಳೆ ಖಾತೆಯನ್ನು ಅಳಿಸಿದ್ದರೆ ಗಡುವಿನ ಲೆಕ್ಕ ಹಾಕಿ. ಎಂಟ್ರಾದಲ್ಲಿ ಅಳಿಸಿದ ಬಳಕೆದಾರರನ್ನು 30 ದಿನದೊಳಗೆ, ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ 20 ದಿನದೊಳಗೆ ವಾಪಸ್ ತರಬಹುದು. ಅದು ಮೀರಿದರೆ ಮುಗಿಯಿತು. ರಜೆಯ ಮೇಲೆ ಹೋಗುವವರ ಖಾತೆಯನ್ನು ಅಳಿಸದೆ, ಸೈನ್-ಇನ್ ತಡೆದು ಇಡುವುದೇ ಲೇಸು. ಲೈಸೆನ್ಸ್ ದುಡ್ಡು ಉಳಿಸೋಣ ಅಂತ ಅದನ್ನೂ ಕಿತ್ತರೆ, ಎಕ್ಸ್‌ಚೇಂಜ್ ಮೇಲ್‌ಬಾಕ್ಸ್ ಕೂಡ 30 ದಿನದ ಮೇಲೆ ಅಳಿದುಹೋಗುತ್ತದೆ.

ಖಾತೆ ಹಳೆಯದೇ ಆಗಿದ್ದರೆ ಎಂಟ್ರಾದ ಸೈನ್-ಇನ್ ಲಾಗ್ ತೆರೆದು ದೋಷದ ಸಂಖ್ಯೆ ಓದಿ. 50057 ಅಂದರೆ ಖಾತೆ ಇನ್ನೂ ಡಿಸೇಬಲ್ ಆಗಿದೆ. 50105 ಅಂದರೆ ಖಾತೆ ಸರಿಯಿದೆ, ಆ ಆ್ಯಪ್‌ಗೆ ಇವರನ್ನು ಸೇರಿಸಿಲ್ಲ. ಸ್ಲ್ಯಾಕ್‌ಗೆ ಎಂಟ್ರಾ ಮೂಲಕ ಲಾಗಿನ್ ಆಗುವ ಕಡೆ ಇದೇ ಹೆಚ್ಚು. 50034 ಅಂದರೆ ಡೈರೆಕ್ಟರಿಯಲ್ಲಿ ಆ ಹೆಸರೇ ಇಲ್ಲ. ಲಾಗ್‌ನಲ್ಲಿ ಎಲ್ಲ ಸರಿಯಿದ್ದು ಒಳಗೆ ಹೋಗಲಾಗದಿದ್ದರೆ ಲೈಸೆನ್ಸ್ ನೋಡಿ. ಟೀಮ್ಸ್ ಲೈಸೆನ್ಸ್ ಕೊಟ್ಟ ಮೇಲೆ ಜಾರಿಗೆ 24 ಗಂಟೆವರೆಗೂ ಹಿಡಿಯಬಹುದು. ಕೊಟ್ಟು, ತೆಗೆದು, ಮತ್ತೆ ಕೊಟ್ಟರೆ ಬೇಗ ಆಗುವುದಿಲ್ಲ, ಇನ್ನೂ ತಡವಾಗುತ್ತದೆ.

ಆಫೀಸಿನ ಒಳಗಿನ ಆಕ್ಟಿವ್ ಡೈರೆಕ್ಟರಿಯಿಂದ (ಕಂಪನಿಯ ಸ್ವಂತ ಸರ್ವರ್‌ನಲ್ಲಿರುವ ಖಾತೆಗಳ ಪಟ್ಟಿ) ಎಂಟ್ರಾಗೆ ಸಿಂಕ್ ಆಗುವ ಕಂಪನಿಗಳಲ್ಲಿ 50034 ಕಂಡರೆ ಮೊದಲು ಓಯು (ಆರ್ಗನೈಸೇಷನಲ್ ಯೂನಿಟ್, ಖಾತೆಗಳನ್ನು ಗುಂಪಾಗಿ ಇಡುವ ಫೋಲ್ಡರ್) ನೋಡಿ. ಕೆಲಸ ಬಿಟ್ಟವರನ್ನು ಹಾಕುವ ಓಯು ಎಷ್ಟೋ ಕಡೆ ಸಿಂಕ್ ವ್ಯಾಪ್ತಿಯ ಹೊರಗಿರುತ್ತದೆ. ಖಾತೆಯನ್ನು ಎನೇಬಲ್ ಮಾಡಿ ಅಲ್ಲೇ ಬಿಟ್ಟರೆ ಎಂಟ್ರಾಗೆ ಅದು ಕಾಣುವುದೇ ಇಲ್ಲ. ತಂಡದ ಓಯುಗೆ ಸರಿಸಿ, ಮಾಮೂಲಿನಂತೆ 30 ನಿಮಿಷಕ್ಕೊಮ್ಮೆ ನಡೆಯುವ ಸಿಂಕ್ ಮುಗಿಯುವವರೆಗೆ ಕಾಯಿರಿ, ಇಲ್ಲವೇ ಸರ್ವರ್‌ನಲ್ಲಿ ಡೆಲ್ಟಾ ಸಿಂಕ್ (ಬದಲಾದದ್ದನ್ನಷ್ಟೇ ಕಳಿಸುವ ಸಿಂಕ್) ಓಡಿಸಿ. ಖಾತೆಯ ಎಕ್ಸ್‌ಪೈರಿ ದಿನಾಂಕವನ್ನೂ ಗಮನಿಸಿ: ಅದು ಎಂಟ್ರಾಗೆ ಸಿಂಕ್ ಆಗುವುದಿಲ್ಲ. ಹಾಗಾಗಿ ಮೊಬೈಲ್‌ನಲ್ಲಿ ಟೀಮ್ಸ್ ತೆರೆಯಬಹುದು, ಆ ದಿನಾಂಕ ಮೀರಿದ್ದರೆ ಲ್ಯಾಪ್‌ಟಾಪ್ ಮಾತ್ರ ಒಳಗೆ ಬಿಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು, ಬೆಳಿಗ್ಗೆ ಸರಿಹೋಗಿ ಮಧ್ಯಾಹ್ನದೊಳಗೆ ಮತ್ತೆ ಡಿಸೇಬಲ್ ಆಗುವ ಖಾತೆ. ಯಾರೋ ಬೇಕಂತಲೇ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಮಾಡುತ್ತಿರುವುದು ಎಚ್‌ಆರ್ ಸಾಫ್ಟ್‌ವೇರ್. ಅಲ್ಲಿ ಹಳೆ 'ಕೊನೆಯ ಕೆಲಸದ ದಿನ' ಹಾಗೇ ಉಳಿದಿರುತ್ತದೆ. ನೀವು ಕೈಯಾರೆ ಎಬ್ಬಿಸಿದ ಖಾತೆಯನ್ನು ಮುಂದಿನ ಸುತ್ತಿನಲ್ಲಿ ಸಿಂಕ್ ಮತ್ತೆ ಮಲಗಿಸುತ್ತದೆ. ಎಂಟ್ರಾದಿಂದ ಸ್ಲ್ಯಾಕ್‌ನಂಥ ಆ್ಯಪ್‌ಗಳಿಗೆ ಹೋಗುವ ಸುತ್ತು ಸುಮಾರು 40 ನಿಮಿಷದ್ದು. ಆಡಿಟ್ ಲಾಗ್‌ನಲ್ಲಿ ಡಿಸೇಬಲ್ ಮಾಡಿದ್ದು ಯಾರೆಂದು ನೋಡಿ. ಮನುಷ್ಯರ ಹೆಸರಿನ ಬದಲು ಸಿಂಕ್ ಅಥವಾ ಪ್ರಾವಿಷನಿಂಗ್ (ಖಾತೆಗಳನ್ನು ತಾನಾಗಿ ತೆರೆಯುವ, ಮುಚ್ಚುವ) ಆ್ಯಪ್‌ನ ಹೆಸರಿದ್ದರೆ, ಎಚ್‌ಆರ್ ದಾಖಲೆ ತಿದ್ದಿಸದೆ ಬೇರೆ ದಾರಿಯಿಲ್ಲ. ತಿದ್ದಿಸಿದ ಮೇಲೆ 'ಪ್ರಾವಿಷನ್ ಆನ್ ಡಿಮಾಂಡ್' ಒತ್ತಿ ಆ ಒಬ್ಬರನ್ನಷ್ಟೇ ಪರೀಕ್ಷಿಸಿ. ವಾಪಸ್ ಬಂದವರಿಗೆ ಎಚ್‌ಆರ್ ಹೊಸ ಎಂಪ್ಲಾಯಿ ನಂಬರ್ ಕೊಟ್ಟಿದ್ದರೆ ಸಿಂಕ್ ಹಳೆ ಖಾತೆಗೆ ಹೊಂದಿಸಲಾರದೆ ಇನ್ನೊಂದು ಖಾತೆ ಹುಟ್ಟಿಸಲು ಹೋಗಬಹುದು. ಇಮೇಲ್ ಆಗಲೇ ಬಳಕೆಯಲ್ಲಿದೆ ಎಂಬ ತಕರಾರು ಅಲ್ಲಿಂದಲೇ ಬರುತ್ತದೆ.

ಒಳಗೆ ಹೋದರೂ ಗ್ರೂಪ್‌ಗಳು ಕಾಣದಿದ್ದರೆ, ಬಿಟ್ಟುಹೋದ ದಿನ ಓಡಿದ ಸ್ಕ್ರಿಪ್ಟ್ ಅವರನ್ನು ಎಲ್ಲ ಗ್ರೂಪ್‌ಗಳಿಂದ ತೆಗೆದಿರುತ್ತದೆ. ಖಾತೆ ಎಬ್ಬಿಸಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ. ಮ್ಯಾನೇಜರ್ ಹತ್ತಿರ ಪಟ್ಟಿ ಕೇಳಿ ಸೇರಿಸಿ. ಟೀಮ್ಸ್‌ನ ಪ್ರೈವೇಟ್ ಚಾನೆಲ್‌ಗೆ ಅದರ ಓನರ್ ಕೈಯಲ್ಲೇ ಸೇರಿಸಿ.

ಮೊಬೈಲ್ ನಂಬರ್ ಬದಲಾಗಿ ಒಟಿಪಿ ಹಳೆ ಸಿಮ್‌ಗೆ ಹೋಗುತ್ತಿದ್ದರೆ, ಎಂಎಫ್‌ಎ (ಪಾಸ್‌ವರ್ಡ್ ಜೊತೆಗಿನ ಎರಡನೇ ಹಂತದ ಪರಿಶೀಲನೆ) ಮರುನೋಂದಣಿ ಕಡ್ಡಾಯ ಮಾಡಿ ಟೆಂಪರರಿ ಆ್ಯಕ್ಸೆಸ್ ಪಾಸ್ (ತಾತ್ಕಾಲಿಕ ಲಾಗಿನ್ ಕೋಡ್) ಕೊಡಿ. ಡೀಫಾಲ್ಟ್ ಆಗಿ ಅದರ ಆಯಸ್ಸು 1 ಗಂಟೆ. ಫೋನ್‌ನಲ್ಲಿ ಕೇಳಿದವರಿಗೆಲ್ಲ ಕೊಡಬೇಡಿ, ವಿಡಿಯೋದಲ್ಲಿ ಮುಖ ನೋಡಿ ಕೊಡಿ.

ಬ್ರೌಸರ್‌ನ ಇನ್‌ಕಾಗ್ನಿಟೊದಲ್ಲಿ ತೆರೆದು ಆ್ಯಪ್‌ನಲ್ಲಿ ತೆರೆಯದಿದ್ದರೆ ಮಾತ್ರ ಕ್ಯಾಶ್ (ಆ್ಯಪ್ ಉಳಿಸಿಕೊಂಡ ಹಳೆ ಮಾಹಿತಿ) ಕಡೆ ಹೋಗಿ. ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲಿ ಟೀಮ್ಸ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ತೆರೆದು ರೀಸೆಟ್ ಒತ್ತಿದರೆ ಸಾಕು.

ಹೊಸ ಖಾತೆಯಾಗಿದ್ದರೆ ತಂಡದ ಉಳಿದವರಿಗೂ ಹೇಳಿಬಿಡಿ: ಹಳೆ ಚಾಟ್ ವಿಂಡೋದಲ್ಲಿ ಬರೆದದ್ದು ಇವರಿಗೆ ಮುಟ್ಟುವುದಿಲ್ಲ, ಹೆಸರು ಹುಡುಕಿ ಹೊಸ ಚಾಟ್ ಶುರುಮಾಡಬೇಕು. ಔಟ್‌ಲುಕ್ ತಾನಾಗಿ ತೋರಿಸುವ ಹಳೆ ಹೆಸರನ್ನೂ ಅಳಿಸಬೇಕು, ಇಲ್ಲವಾದರೆ ಮೇಲ್ ಬೌನ್ಸ್ ಆಗುತ್ತದೆ.

ಅಡ್ಮಿನ್ ಹಕ್ಕು ಅಮೆರಿಕದ ಪಶ್ಚಿಮ ಕರಾವಳಿಯ ತಂಡದ ಕೈಯಲ್ಲಿದ್ದರೆ ಅವರ ಬೆಳಿಗ್ಗೆ 9 ಇಲ್ಲಿ ರಾತ್ರಿ 9:30, ಚಳಿಗಾಲದಲ್ಲಿ 10:30. ಮನೆಗೆ ಹೊರಡುವ ಮುಂಚೆ ಆಬ್ಜೆಕ್ಟ್ ಐಡಿ, ದೋಷದ ಸಂಖ್ಯೆ, ಅದು ಬಂದ ಸಮಯ, ಆಡಿಟ್ ಲಾಗ್‌ನ ಸಾಲು ಇವಿಷ್ಟನ್ನೂ ಟಿಕೆಟ್‌ಗೆ ಹಾಕಿ. ಇದರಲ್ಲಿ ಒಂದು ಬಿಟ್ಟುಹೋದರೂ ಅವರು ಅದನ್ನೇ ಕೇಳಿ ಟಿಕೆಟ್ ವಾಪಸ್ ಕಳಿಸುತ್ತಾರೆ, ಉದ್ಯೋಗಿ ಇನ್ನೊಂದು ದಿನ ಸುಮ್ಮನೆ ಕೂರಬೇಕಾಗುತ್ತದೆ.