ಹಳೇ ಆಫೀಸ್ ಕಂಪ್ಯೂಟರಿಗೆ ಎಂಟು ಹಾರ್ಡ್ ಡಿಸ್ಕ್: ನನ್ನ ಅನುಭವ

ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಇಟ್ಟುಕೊಳ್ಳೋಣ ಅಂದುಕೊಂಡವರು ಮೊದಲು ಮದರ್‌ಬೋರ್ಡಿನ ಸಾಟಾ ಪೋರ್ಟುಗಳನ್ನು, ಅಂದರೆ ಡಿಸ್ಕ್ ಸಿಕ್ಕಿಸುವ ಕಿಂಡಿಗಳನ್ನು ಎಣಿಸುತ್ತಾರೆ. ನಾಲ್ಕಿದ್ದರೆ ನಾಲ್ಕು ಡಿಸ್ಕ್, ಆರಿದ್ದರೆ ಆರು ಅನ್ನೋ ಲೆಕ್ಕ. ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಎಂಟು ಡಿಸ್ಕಿನ ಸರ್ವರ್ ಕಟ್ಟಿ ನಡೆಸುತ್ತಿರುವವನಾಗಿ ಹೇಳುತ್ತೇನೆ: ಪೋರ್ಟ್ ಹೆಚ್ಚಿಸುವುದು ಸುಲಭದ ಕೆಲಸ. ಅಷ್ಟೂ ಡಿಸ್ಕಿಗೆ ಸರಿಯಾಗಿ ಕರೆಂಟ್ ಮುಟ್ಟಿಸುವುದೇ ಕಷ್ಟದ್ದು. ದುಡ್ಡು ಉಳಿಸಲು ಹೋಗಬಾರದ ಜಾಗವೂ ಅದೇ.

ನನಗೆ ಇಷ್ಟೊಂದು ಜಾಗ ಬೇಕಾದದ್ದು ಕ್ಯಾಸೆಟ್‌ಗಳಿಗಾಗಿ. ನಮ್ಮದು ಶಿರಸಿ ಕಡೆಯ ಊರು. ಅಪ್ಪ ತಾಳಮದ್ದಲೆ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳು ಟ್ರಂಕಿನ ತುಂಬ ಇದ್ದವು. ಟೇಪು ಹಳತಾದಷ್ಟೂ ಅದನ್ನು ಮತ್ತೆ ಮತ್ತೆ ಓಡಿಸುವ ಹಾಗಿಲ್ಲ. ಹಾಗಾಗಿ ಒಂದೇ ಸಲಕ್ಕೆ ಆದಷ್ಟು ಒಳ್ಳೆಯ ಗುಣಮಟ್ಟದಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದೇನೆ. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ 90 ನಿಮಿಷದ ಒಂದು ಕ್ಯಾಸೆಟ್ 3 ಜಿಬಿ ದಾಟುತ್ತದೆ. ರಾತ್ರಿಯಿಡೀ ನಡೆದ ಒಂದು ಪ್ರಸಂಗಕ್ಕೆ ಅಂಥ ಎಷ್ಟೋ ಕ್ಯಾಸೆಟ್. ಇದರ ಮೇಲೆ ಮನೆಯವರೆಲ್ಲರ ಫೋಟೋ, ಮಕ್ಕಳ ವಿಡಿಯೋ.

ಬೆಂಗಳೂರಿನಲ್ಲಿರುವವರಿಗೆ ಈ ಕೆಲಸದಲ್ಲಿ ಒಂದು ಅನುಕೂಲ ಇದೆ. ಇಲ್ಲಿನ ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಕಂಪ್ಯೂಟರ್ ಬದಲಾಯಿಸುತ್ತವೆ, ಹಳೆಯವು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಬರುತ್ತವೆ. ನಾನು ಹೋದ ಅಂಗಡಿಯವರು ಮೊದಲು ತೋರಿಸಿದ್ದು ಪುಸ್ತಕದಷ್ಟೇ ಗಾತ್ರದ ಒಂದು ಡಬ್ಬಿ. "ಇದೇ ತಗೊಳಿ ಸರ್, ಕರೆಂಟ್ ಕಮ್ಮಿ ತಿನ್ನುತ್ತೆ, ಸದ್ದೂ ಇಲ್ಲ."

"ಡಿಸ್ಕ್ ಎಲ್ಲಿ ಕೂರಿಸಲಿ ಅಣ್ಣ? ಪವರ್ ಸಪ್ಲೈ ಬದಲಾಯಿಸೋಕೂ ಆಗಲ್ಲ ಇದರಲ್ಲಿ."

ಅವರಿಗೆ ಅರ್ಥವಾಯಿತು. ಒಳಗಿನಿಂದ ಒಂದು ಉದ್ದನೆಯ ಟವರ್ ತರಿಸಿದರು. ಎಚ್110 ಚಿಪ್‌ಸೆಟ್ಟಿನ (ಪೋರ್ಟು, ಸ್ಲಾಟುಗಳನ್ನು ನೋಡಿಕೊಳ್ಳುವ ಚಿಪ್ಪು) ಬೋರ್ಡು, ಆರನೇ ತಲೆಮಾರಿನ ಐ5 ಪ್ರೊಸೆಸರ್, ಎಂಟು ಜಿಬಿ ರ್‍ಯಾಮ್. ಆಫೀಸಿಗೆಂದೇ ತಯಾರಾದ ಬ್ರ್ಯಾಂಡೆಡ್ ಡಬ್ಬಿಗಳಲ್ಲಿ ಅನೇಕಕ್ಕೆ ಪವರ್ ಸಪ್ಲೈ ಬೇರೆಯದೇ ಆಕಾರದ್ದು, ಬೋರ್ಡಿಗೆ ಹೋಗುವ ಕನೆಕ್ಟರೂ ಬೇರೆ. ಡಿಸ್ಕಿನ ಕರೆಂಟೂ ಕೆಲವದರಲ್ಲಿ ಮದರ್‌ಬೋರ್ಡಿನಿಂದಲೇ ಬರುತ್ತದೆ. ಒಂದೆರಡು ಡಿಸ್ಕಿಗೆ ಅದು ಸಾಕು, ಎಂಟಕ್ಕೆ ಸಾಲದು. ಸಾಮಾನ್ಯ ಎಟಿಎಕ್ಸ್ ಪವರ್ ಸಪ್ಲೈ ಕೂರುವ ಕ್ಯಾಬಿನೆಟ್ ಆದರೆ ಆ ತಲೆನೋವು ಇಲ್ಲ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇರುವುದರಿಂದ ಬೇರೆ ಕಾರ್ಡು ಹಾಕುವ ಉದ್ದನೆಯ ಪಿಸಿಐಇ ಸ್ಲಾಟ್ ಖಾಲಿ ಉಳಿಯುತ್ತದೆ. ಅದು ಮುಂದಕ್ಕೆ ಬೇಕು.

ಈಗ ಪೋರ್ಟಿನ ವಿಷಯ. ಎಚ್110 ಕೊಡುವುದು ನಾಲ್ಕೇ ಸಾಟಾ. ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಚಿಕ್ಕ ಸ್ಲಾಟಿಗೆ ಹಾಕುವ ನಾಲ್ಕು ಪೋರ್ಟಿನ ಕಾರ್ಡು. ಈ ಚಿಪ್‌ಸೆಟ್ಟಿನ ಚಿಕ್ಕ ಸ್ಲಾಟು ಪಿಸಿಐಇ 2.0, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 500 ಎಂಬಿ. ಈಗಿನ ಒಂದೊಂದು ಡಿಸ್ಕೂ 150ರಿಂದ 200 ಎಂಬಿ ಓದುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಗಿಗಾಬಿಟ್ ನೆಟ್‌ವರ್ಕಿನಲ್ಲಿ ಹೋಗುವುದೇ ಸೆಕೆಂಡಿಗೆ 110 ಎಂಬಿ ಆಸುಪಾಸು. ಆದರೆ ಒಂದು ಡಿಸ್ಕ್ ಕೆಟ್ಟು ಹೊಸದಕ್ಕೆ ಡೇಟಾ ಮರಳಿ ಕಟ್ಟುವಾಗ ಎಲ್ಲ ಡಿಸ್ಕೂ ಒಟ್ಟಿಗೆ ಓಡುತ್ತವೆ. ಆಗ ನಾಲ್ಕು ಬಸ್ಸಿನ ಜನ ಒಂದೇ ಬಾಗಿಲಲ್ಲಿ ಇಳಿದ ಹಾಗಾಗುತ್ತದೆ. ಉಳಿದ ಡಿಸ್ಕುಗಳಿಗೆ ಹೆಚ್ಚು ಶ್ರಮ ಬೀಳುವ ಹೊತ್ತೇ ಅದು, ಅದನ್ನು ಬೇಕಂತಲೇ ಉದ್ದ ಮಾಡಿಕೊಳ್ಳಬಾರದು.

ಒಂದು ಪೋರ್ಟನ್ನೇ ಐದಾಗಿ ಒಡೆಯುವ ಪೋರ್ಟ್ ಮಲ್ಟಿಪ್ಲೈಯರ್‌ಗಳೂ ಸಿಗುತ್ತವೆ. ಅವುಗಳಲ್ಲಿ ಒಂದು ಡಿಸ್ಕ್ ಮೊಂಡು ಬಿದ್ದರೆ ಜೊತೆಯ ಡಿಸ್ಕುಗಳೂ ತಡವರಿಸುವುದುಂಟು. ಹಲವು ಡಿಸ್ಕನ್ನು ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸುವ ಡಾಕ್ ಬೇಡ ಅಂದದ್ದೂ ಅದೇ ಕಾರಣಕ್ಕೆ. ಒಂದು ಕೇಬಲ್ ಅಲುಗಾಡಿದರೆ ನಾಲ್ಕು ಡಿಸ್ಕ್ ಒಟ್ಟಿಗೇ ಮಾಯ. ಕೆಲವು ಡಾಕ್‌ಗಳು ಡಿಸ್ಕಿನ ಆರೋಗ್ಯದ ಮಾಹಿತಿಯನ್ನೂ ಹೊರಗೆ ಬಿಡುವುದಿಲ್ಲ.

ನಾನು ಆರಿಸಿಕೊಂಡದ್ದು ಹಳೇ ಸರ್ವರುಗಳಿಂದ ಬಿಚ್ಚಿ ಮಾರುವ ಎಚ್‌ಬಿಎ, ಅಂದರೆ ಹಲವು ಡಿಸ್ಕ್ ಜೋಡಿಸುವ ಕಾರ್ಡು, ಎಲ್‌ಎಸ್‌ಐ 9211-8ಐ. ಉದ್ದ ಸ್ಲಾಟಿನಲ್ಲಿ ಎಂಟು ಲೇನ್ ಬಳಸುತ್ತದೆ, ಎಂಟು ಡಿಸ್ಕಿಗೂ ಧಾರಾಳ ದಾರಿ. ಕೊಳ್ಳುವಾಗ ಕೇಳಬೇಕಾದ್ದು ಒಂದೇ: ಐಟಿ ಮೋಡ್ ಫರ್ಮ್‌ವೇರ್ ಹಾಕಿದೆಯಾ? ಅದಿದ್ದರೆ ಕಾರ್ಡು ತನ್ನದೇ ರೇಡ್ (ಹಲವು ಡಿಸ್ಕನ್ನು ಒಂದಾಗಿ ಸೇರಿಸುವ ವ್ಯವಸ್ಥೆ) ಮಾಡಲು ಹೋಗದೆ ಡಿಸ್ಕುಗಳನ್ನು ಇದ್ದ ಹಾಗೆ ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುತ್ತದೆ. ನಾಳೆ ಕಾರ್ಡೇ ಸತ್ತರೂ ಡಿಸ್ಕುಗಳನ್ನು ಬೇರೆ ಯಂತ್ರಕ್ಕೆ ಸಿಕ್ಕಿಸಿ ಓದಬಹುದು. ಕೇಬಲ್ಲು ಕಾರ್ಡಿನ ಎಸ್‌ಎಫ್‌ಎಫ್-8087 ಕನೆಕ್ಟರಿನಿಂದ ನಾಲ್ಕು ಸಾಟಾಗೆ ಒಡೆಯುವಂಥದ್ದು, ಎರಡು ಬೇಕು. ಅದರಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಬಗೆ, ನೋಡಲು ತದ್ರೂಪು. ಕಾರ್ಡಿನಿಂದ ಡಿಸ್ಕಿಗೆ ಹೋಗಲು ಫಾರ್ವರ್ಡ್ ಅಂತಲೇ ಕೇಳಿ ತರಬೇಕು, ಇನ್ನೊಂದು ಹಾಕಿದರೆ ಡಿಸ್ಕ್ ಕಾಣಿಸುವುದೇ ಇಲ್ಲ. ಸರ್ವರಿನ ಜೋರು ಗಾಳಿಗೆಂದು ಮಾಡಿದ ಕಾರ್ಡಾದ್ದರಿಂದ ಮನೆಯ ಕ್ಯಾಬಿನೆಟ್ಟಿನಲ್ಲಿ ಅದರ ಹೀಟ್‌ಸಿಂಕ್ ಮೇಲೆ ಬೆರಳಿಡಲಾಗದಷ್ಟು ಬಿಸಿಯಾಗುತ್ತದೆ. ಅದರೆದುರು ಒಂದು ಸಣ್ಣ ಫ್ಯಾನನ್ನು ಪ್ಲಾಸ್ಟಿಕ್ ಟ್ಯಾಗ್‌ನಿಂದ ಬಿಗಿದಿದ್ದೇನೆ.

ಇನ್ನು ಕರೆಂಟು. ತಿರುಗುತ್ತಿರುವ 3.5 ಇಂಚಿನ ಡಿಸ್ಕಿಗೆ ಐದಾರು ವ್ಯಾಟ್ ಸಾಕು. ಆದರೆ ನಿಂತಲ್ಲಿಂದ ತಿರುಗಲು ಶುರುಮಾಡುವ ಕೆಲವು ಸೆಕೆಂಡು 12 ವೋಲ್ಟ್ ತಂತಿಯಲ್ಲಿ ಸುಮಾರು ಎರಡು ಆಂಪಿಯರ್ ಎಳೆಯುತ್ತದೆ. ಎಂಟು ಡಿಸ್ಕಿಗೆ 16 ಆಂಪಿಯರ್, ಅಂದರೆ 190 ವ್ಯಾಟಿಗೂ ಮೇಲೆ, ಡಿಸ್ಕುಗಳಿಗೇ. ಟವರಿನ ಜೊತೆ ಬಂದ ಹಳೇ ಪವರ್ ಸಪ್ಲೈ ತೆಗೆದಿಟ್ಟು 550 ವ್ಯಾಟಿನ ಹೊಸದು ಹಾಕಿದೆ. ಇಡೀ ಯಂತ್ರದಲ್ಲಿ ಹೊಸದಾಗಿ ಕೊಂಡ ದೊಡ್ಡ ಭಾಗ ಅದೊಂದೇ.

ಒಳ್ಳೆಯ ಪವರ್ ಸಪ್ಲೈ ಇದ್ದರೂ ಕನೆಕ್ಟರಿನ ಹತ್ತಿರ ಕೆಲಸ ಕೆಡಬಹುದು. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್ ಮಿತಿ, ಒಟ್ಟು 4.5. ಹಾಗಿರುವಾಗ ಒಂದು ಸಾಟಾ ಕನೆಕ್ಟರಿನಿಂದ ನಾಲ್ಕಕ್ಕೆ ಕವಲೊಡೆಯುವ ಸ್ಪ್ಲಿಟರ್ ಹಾಕಿದರೆ ಶುರುವಿನಲ್ಲಿ 8 ಆಂಪಿಯರ್ ಅದರಲ್ಲಿ ನುಗ್ಗಬೇಕು. ಅದಕ್ಕೇ ಎರಡಕ್ಕಿಂತ ಹೆಚ್ಚು ಕವಲು ಬೇಕಾದಲ್ಲಿ ನಾನು ಮೋಲೆಕ್ಸ್ ಅನ್ನುವ ಹಳೇ ನಾಲ್ಕು ಪಿನ್ನಿನ ಕನೆಕ್ಟರಿನಿಂದ ತೆಗೆಯುತ್ತೇನೆ. ಅದರ ದಪ್ಪ ಪಿನ್ನು ಹೆಚ್ಚು ಕರೆಂಟ್ ತಾಳುತ್ತದೆ.

ಮೋಲೆಕ್ಸ್‌ನಿಂದ ಸಾಟಾಗೆ ಹೋಗುವ ಅಡಾಪ್ಟರಿನಲ್ಲೂ ಎರಡು ಥರ. ಕೈಯಲ್ಲಿ ಹಿಡಿದು ಸಾಟಾ ತುದಿಯನ್ನು ತಿರುಗಿಸಿ ನೋಡಿ. ಒಂದರಲ್ಲಿ ತಂತಿಗಳು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಹೂತುಹೋಗಿರುತ್ತವೆ, ಸಂದು ಎಲ್ಲೂ ಕಾಣುವುದಿಲ್ಲ. ಇದು ಕಾಯಿಸಿದ ಪ್ಲಾಸ್ಟಿಕ್ಕನ್ನು ತಂತಿಯ ಸುತ್ತ ಅಚ್ಚು ಹೊಯ್ದದ್ದು. ಒಳಗೆ ತಂತಿ ಸ್ವಲ್ಪ ಸರಿದಿದ್ದರೂ ನಮಗೆ ಕಾಣದು, ಆಮೇಲೆ ಶಾರ್ಟ್ ಆಗಿ ಹೊತ್ತಿಕೊಂಡ ಉದಾಹರಣೆಗಳು ಬೇಕಾದಷ್ಟಿವೆ. ಇನ್ನೊಂದರಲ್ಲಿ ಹಿಂಬದಿಗೆ ಮುಚ್ಚಳ ಇರುತ್ತದೆ, ಪ್ರತಿ ತಂತಿಯೂ ತನ್ನ ತೋಡಿನಲ್ಲಿ ಕೂತು ಲೋಹದ ಹಲ್ಲಿಗೆ ಕಚ್ಚಿಕೊಂಡಿರುವುದು ಕಾಣುತ್ತದೆ. ನಾನು ತರುವುದು ಇದನ್ನೇ, ಬೆಲೆ ಸ್ವಲ್ಪ ಜಾಸ್ತಿಯಾದರೂ ಸರಿ. ಯಾರೂ ಎದ್ದಿರದ ಹೊತ್ತಿನಲ್ಲೂ ಓಡುತ್ತಿರುವ ಯಂತ್ರ ಇದು, ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಪವರ್ ಸಪ್ಲೈ ಇರುವವರು ಇದನ್ನು ಮರೆಯಬೇಡಿ: ಡಿಸ್ಕಿನ ಕಡೆ ತುದಿ ಎಲ್ಲ ಕಂಪನಿಯದೂ ಒಂದೇ, ಪವರ್ ಸಪ್ಲೈ ಕಡೆಯ ತುದಿಗೆ ಮಾತ್ರ ಒಂದು ಕಟ್ಟುಪಾಡಿಲ್ಲ. ಬೇರೆ ಮಾಡೆಲ್ಲಿನ ಕೇಬಲ್ ಅದಕ್ಕೆ ಸಲೀಸಾಗಿ ಕೂತುಬಿಡಬಹುದು, ಆದರೆ 5 ವೋಲ್ಟಿನ ಜಾಗಕ್ಕೆ 12 ವೋಲ್ಟ್ ಬಂದರೆ ಸಿಕ್ಕಿಸಿದ ಡಿಸ್ಕೆಲ್ಲ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ. ಇನ್ನು, ಎಕ್ಸ್‌ಟರ್ನಲ್ ಡ್ರೈವ್ ಒಡೆದು ತೆಗೆದ ಕೆಲವು ಡಿಸ್ಕುಗಳು ತಿರುಗುವುದೇ ಇಲ್ಲ. ಡಿಸ್ಕ್ ಕೆಟ್ಟಿದೆ ಅಂತ ಎಸೆಯಬೇಡಿ. ಮೂರನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಆಫ್ ಆಗಿರು ಅಂತ ಅವಕ್ಕೆ ಹೇಳಿದಂತೆ. ಮೋಲೆಕ್ಸ್ ಅಡಾಪ್ಟರಿನಲ್ಲಿ 3.3 ವೋಲ್ಟೇ ಇರುವುದಿಲ್ಲವಾದ್ದರಿಂದ ಅದರಲ್ಲಿ ತಿರುಗುತ್ತವೆ.

ಡಿಸ್ಕ್ ಸಿಕ್ಕಿಸುವ ಮೊದಲು ಪ್ರತಿಯೊಂದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿಯನ್ನು ಎದುರಿಗೆ ಕಾಣುವ ಅಂಚಿಗೆ ಅಂಟಿಸಿದ್ದೇನೆ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಕೆಟ್ಟದ್ದನ್ನು ತೆಗೆಯಲು ಹೋಗಿ ಒಳ್ಳೆಯದನ್ನು ಎಳೆಯದಿರಲು ಆ ಚೀಟಿಯೇ ಆಧಾರ. ಸೆಕೆಂಡ್ ಹ್ಯಾಂಡ್ ಡಿಸ್ಕಾದರೆ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಲೆಕ್ಕ) ಓಡಿದ ಗಂಟೆ ನೋಡುತ್ತೇನೆ, ವರ್ಷಕ್ಕೆ 8,760 ಗಂಟೆಯ ಲೆಕ್ಕ. ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ವಾಪಸ್. ಡೇಟಾ ಸಾಗಣೆಯ ತಪ್ಪುಗಳನ್ನು ಎಣಿಸುವ 199ನೇ ಸಾಲು ಏರುತ್ತಿದ್ದರೆ ಮಾತ್ರ ಡಿಸ್ಕನ್ನು ದೂರುವ ಮೊದಲು ಡೇಟಾ ಕೇಬಲ್ ಬದಲಾಯಿಸಿ ನೋಡಬೇಕು.

ಸಾಫ್ಟ್‌ವೇರ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬೂಟ್ ಆಗುವ ಎಸ್‌ಎಸ್‌ಡಿ ಬೋರ್ಡಿನ ಪೋರ್ಟಿನಲ್ಲಿದೆ, ಅದರಲ್ಲಿ ಸ್ಟೋರೇಜ್ ಸರ್ವರಿಗೆಂದೇ ಇರುವ ಓಪನ್‌ಮೀಡಿಯಾವಾಲ್ಟ್ ನಡೆಯುತ್ತಿದೆ. ಕ್ಯಾಸೆಟ್, ಫೋಟೋಗಳು ಎರಡು ಡಿಸ್ಕಿನ ಜೆಡ್‌ಎಫ್‌ಎಸ್ ಮಿರರಿನಲ್ಲಿವೆ, ಅಂದರೆ ಎರಡರಲ್ಲೂ ಅದೇ ಡೇಟಾ. ಈ ಎರಡು ಎಸ್‌ಎಂಆರ್ (ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಬಗೆ) ಅಲ್ಲದ, ಹಾಗೆ ಹೊದಿಸದ ಸಿಎಂಆರ್ ಡಿಸ್ಕೇ ಆಗಿರುವಂತೆ ನೋಡಿಕೊಂಡೆ, ಮರಳಿ ಕಟ್ಟುವಾಗ ಎಸ್‌ಎಂಆರ್ ಬಹಳ ಕುಂಟುತ್ತದೆ. ಉಳಿದ ಆರು ಬೇರೆ ಬೇರೆ ಗಾತ್ರದವು: ಸ್ನ್ಯಾಪ್‌ರೇಡ್ ಅನ್ನುವ ತಂತ್ರಾಂಶದಲ್ಲಿ ನಾಲ್ಕು ಡೇಟಾಗೆ, ಎರಡು ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟಲು ಬೇಕಾದ ಲೆಕ್ಕ ಇಡುವುದಕ್ಕೆ. ಪ್ಯಾರಿಟಿ ಡಿಸ್ಕ್ ಮಾತ್ರ ಉಳಿದವುಗಳಲ್ಲಿ ದೊಡ್ಡದಕ್ಕಿಂತ ಚಿಕ್ಕದಿರಬಾರದು. ರಾತ್ರಿ ಸಿಂಕ್ ಆಗುವವರೆಗೆ ಹೊಸ ಫೈಲಿಗೆ ರಕ್ಷಣೆ ಇಲ್ಲ, ಹಾಗಾಗಿ ಮುಖ್ಯವಾದ ಯಾವುದನ್ನೂ ನಾನು ಅಲ್ಲಿಡುವುದಿಲ್ಲ. ಇದ್ಯಾವುದೂ ಬ್ಯಾಕಪ್ ಅಲ್ಲ. ಕ್ಯಾಸೆಟ್‌ಗಳ ಇನ್ನೊಂದು ಪ್ರತಿ ಶಿರಸಿಯಲ್ಲಿ ಅಕ್ಕನ ಮನೆಯಲ್ಲಿದೆ, ಹಬ್ಬಕ್ಕೆ ಹೋದಾಗ ಡಿಸ್ಕ್ ಬದಲಾಯಿಸಿಕೊಂಡು ಬರುತ್ತೇನೆ.

ಮನೆಗೆ ಇನ್ವರ್ಟರ್ ಇದ್ದರೂ ಕಂಪ್ಯೂಟರಿಗೆ ಬೇರೆ ಯುಪಿಎಸ್ ಬೇಕು. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವ ಆ ಒಂದು ಮಿಣುಕಿಗೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಸರ್ವರಿಗೆ ಜೋಡಿಸಿ, ಬ್ಯಾಟರಿ ಇಳಿದಾಗ ತಾನೇ ಸರಿಯಾಗಿ ಶಟ್‌ಡೌನ್ ಆಗುವಂತೆ ಎನ್‌ಯುಟಿ ಅನ್ನುವ ತಂತ್ರಾಂಶ ಹಾಕಿದ್ದೇನೆ.

ಸ್ನ್ಯಾಪ್‌ರೇಡ್ ಡಿಸ್ಕುಗಳು ಕೆಲಸವಿಲ್ಲದಾಗ ತಿರುಗುವುದನ್ನು ನಿಲ್ಲಿಸುತ್ತವೆ. ಸರಾಸರಿ 50 ವ್ಯಾಟ್ ಹಿಡಿದರೆ ತಿಂಗಳಿಗೆ 36 ಯೂನಿಟ್. ಸದಾ ತಿರುಗುವ ಇನ್ನೊಂದು ಡಿಸ್ಕ್ ಸೇರಿಸಿದರೆ ಮೂರೂವರೆ ಯೂನಿಟ್ ಮೇಲೇರುತ್ತದೆ, ಒಂದು ಕನೆಕ್ಟರೂ ಹೆಚ್ಚುತ್ತದೆ. ಹಾಗಾಗಿ ಮುಂದೆ ಜಾಗ ಸಾಲದಿದ್ದರೆ ಒಂಬತ್ತನೆಯದನ್ನು ಹಾಕುವುದಿಲ್ಲ, ಇರುವುದರಲ್ಲಿ ಚಿಕ್ಕದನ್ನು ತೆಗೆದು ಅದೇ ಜಾಗಕ್ಕೆ ದೊಡ್ಡದನ್ನು ಕೂರಿಸುತ್ತೇನೆ.