ಎರಡು ಚೀಟಿ, ನಾಲ್ಕು ಡಬ್ಬ: 1952ರ ಒಂದು ಕ್ಷೇತ್ರವನ್ನು ತರಗತಿಗೆ ತಂದದ್ದು

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಅಂಬೇಡ್ಕರ್ ಅವರ ಪುಣ್ಯತಿಥಿಯಾದ ಡಿಸೆಂಬರ್ 6 ಹತ್ತಿರವಾಗಿ, ಅವರ ಅಂತ್ಯಸಂಸ್ಕಾರ ನಡೆದ ದಾದರಿನ ಚೈತ್ಯಭೂಮಿಯತ್ತ ಜನ ಹರಿದು ಬರುವ ದಿನಗಳಲ್ಲಿ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: “ಟೀಚರ್, ಸಂವಿಧಾನ ಬರೆದವರನ್ನೇ ನಮ್ಮ ಊರು ಸೋಲಿಸಿತಂತೆ, ಹೌದಾ?” ಕಾಂಗ್ರೆಸ್ಸಿನ ಅಲೆ ಇತ್ತು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಉತ್ತರ ನನಗೇ ಸಾಲುತ್ತಿರಲಿಲ್ಲ.

ಅಂಬೇಡ್ಕರ್ 1952ರಲ್ಲಿ ನಿಂತದ್ದು ಮುಂಬಯಿ ನಗರ ಉತ್ತರ ಲೋಕಸಭಾ ಕ್ಷೇತ್ರದಲ್ಲಿ. ಅದು ಇಬ್ಬರನ್ನು ಆರಿಸುವ ಕ್ಷೇತ್ರ: ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಪರಿಶಿಷ್ಟ ಜಾತಿಗೆ ಮೀಸಲು. ದೇಶದಲ್ಲಿ ಅಂಥ ಕ್ಷೇತ್ರಗಳು ಆಗ 86 ಇದ್ದವು. ಇದು ಆ ರೂಪದಲ್ಲಿ ಕಂಡದ್ದು ಒಂದೇ ಸಾರ್ವತ್ರಿಕ ಚುನಾವಣೆ. 1957ರಲ್ಲಿ ಅದೇ ಹೆಸರಿನ ಕ್ಷೇತ್ರದಿಂದ ವಿ.ಕೆ. ಕೃಷ್ಣ ಮೆನನ್ ಒಬ್ಬರೇ ಆರಿಸಿ ಬಂದರು. ಹೆಸರು ಉಳಿಯಿತು, ಕ್ಷೇತ್ರ ಉಳಿಯಲಿಲ್ಲ.

ಫಲಿತಾಂಶವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಸಾಮಾನ್ಯ ಸ್ಥಾನ ಕಾಂಗ್ರೆಸ್ಸಿನ ವಿ.ಬಿ. ಗಾಂಧಿಯವರಿಗೆ. ಮೀಸಲು ಸ್ಥಾನ ಕಾಂಗ್ರೆಸ್ಸಿನವರೇ ಆದ ನಾರಾಯಣ ಕಾಜ್ರೋಳ್ಕರ್ ಅವರಿಗೆ, 1,38,137 ಮತ. ಅಂಬೇಡ್ಕರ್ ಅವರಿಗೆ 1,23,576. ಅಂತರ 14,561. ಮಕ್ಕಳು ಅಂಕಿಗಳನ್ನು ಬರೆದುಕೊಂಡರು, ಅಷ್ಟೇ. ಮುಖಗಳಲ್ಲಿ ಏನೂ ಹೊಳೆಯಲಿಲ್ಲ.

ಮಾರನೆಯ ದಿನ ಬಿಸ್ಕತ್ತಿನ ನಾಲ್ಕು ತಗಡಿನ ಡಬ್ಬ ತಂದೆ. ಆಗ ಈಗಿನಂತೆ ಚೀಟಿಯ ಮೇಲೆ ಮುದ್ರೆ ಒತ್ತುವುದಾಗಲಿ ಗುಂಡಿ ಒತ್ತುವುದಾಗಲಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಅವರದೇ ಚಿಹ್ನೆ ಅಂಟಿಸಿದ ಪೆಟ್ಟಿಗೆ ಇರುತ್ತಿತ್ತು. ಇಬ್ಬರನ್ನು ಆರಿಸುವ ಕ್ಷೇತ್ರವಾದ್ದರಿಂದ ಪ್ರತಿ ಮತದಾರರಿಗೂ ಎರಡು ಮತಪತ್ರ; ಅವನ್ನು ಮೆಚ್ಚಿದ ಇಬ್ಬರ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಕಿತ್ತು. ಎರಡು ಡಬ್ಬಗಳಿಗೆ ಕಾಂಗ್ರೆಸ್ಸಿನ ಜೋಡೆತ್ತು ಅಂಟಿಸಿದೆ, ಒಂದಕ್ಕೆ ಅಂಬೇಡ್ಕರ್ ಅವರ ಪರಿಶಿಷ್ಟ ಜಾತಿ ಒಕ್ಕೂಟದ ಆನೆ, ಇನ್ನೊಂದಕ್ಕೆ ಅವರ ಜೊತೆಗಿದ್ದ ಸಮಾಜವಾದಿ ಅಶೋಕ ಮೆಹ್ತಾ ಅವರ ಮರ. ಪ್ರತಿ ಮಗುವಿಗೂ ಒಂದೇ ಸಂಖ್ಯೆ ಬರೆದ ಎರಡು ಚೀಟಿ ಕೊಟ್ಟೆ. “ಎರಡು ಚೀಟಿ ಎರಡು ಬೇರೆ ಡಬ್ಬಕ್ಕೆ” ಎಂದು ಒಂದೇ ಸಲ ಹೇಳಿ, ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕಳುಹಿಸಿದೆ.

ಆನೆಯ ಡಬ್ಬ ತೆರೆದಾಗ 17ನೆಯ ಸಂಖ್ಯೆಯ ಎರಡೂ ಚೀಟಿಗಳು ಒಟ್ಟಿಗೆ ಮಡಚಿಕೊಂಡು ಸಿಕ್ಕವು. ಅಂಥವು ಇನ್ನೂ ಆರು ಜೋಡಿ. “ನನಗೆ ಆನೆ ಇಷ್ಟ, ಅದಕ್ಕೇ ಎರಡೂ ಅದಕ್ಕೇ ಹಾಕಿದೆ” ಎಂದಳು ಆ ಹುಡುಗಿ. ನಿಯಮದಂತೆ ಒಂದು ಚೀಟಿಯನ್ನು ಲೆಕ್ಕಕ್ಕೆ ಹಿಡಿದು ಇನ್ನೊಂದನ್ನು ಪಕ್ಕಕ್ಕಿಟ್ಟೆ. ಅವಳ ಕಣ್ಣು ತುಂಬಿತು. “ಅದೂ ನನ್ನದೇ ಅಲ್ಲವಾ?” ಎಂದಳು.

ಆಗ ಕಪ್ಪುಹಲಗೆಯ ಮೇಲೆ ಇನ್ನೊಂದು ಅಂಕಿ ಬರೆದೆ: 74,333. ತಿರಸ್ಕೃತವಾಗಿ ಎಣಿಕೆಗೇ ಬಾರದ ಮತಪತ್ರಗಳು ಇಷ್ಟು ಎಂದು ಅಂಬೇಡ್ಕರ್ ಮತ್ತು ಮೆಹ್ತಾ ತಕರಾರು ಅರ್ಜಿ ಹಾಕಿದ್ದರು. ಅರ್ಜಿ ವಜಾ ಆಯಿತು. ಅಂತರದ ಐದು ಪಟ್ಟು! ಎರಡು ಅಂಕಿಗಳ ನಡುವೆ ಗೆರೆ ಎಳೆಯುವಾಗ ತರಗತಿಯಲ್ಲಿ ಸದ್ದೇ ಇರಲಿಲ್ಲ. ಆ ಮತಗಳೆಲ್ಲ ಅಂಬೇಡ್ಕರ್ ಅವರಿಗೇ ಬೀಳುತ್ತಿದ್ದವು ಎಂದು ನಾನು ಹೇಳಲಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಆದರೆ ಮೊದಲ ಬಾರಿಗೆ ಮತ ಹಾಕಲು ಸಾಲಿನಲ್ಲಿ ನಿಂತ, ಓದು ಬಾರದ ಜನರ ಕೈಗೆ ಅಂಥ ಗೋಜಲಿನ ವಿಧಾನ ಕೊಟ್ಟದ್ದು ಅನ್ಯಾಯ ಎಂದೇ ನನ್ನ ಭಾವನೆ.

ಎಣಿಕೆಯ ಕ್ರಮಕ್ಕೆ ಇನ್ನೊಂದು ತರಗತಿ ಹಿಡಿಯಿತು. ಮೊದಲು ಮೀಸಲು ಸ್ಥಾನ ತುಂಬಬೇಕು. ಆಮೇಲೆ ಉಳಿದವರಲ್ಲಿ ಹೆಚ್ಚು ಮತ ಪಡೆದವರು, ಯಾವ ಸಮುದಾಯದವರೇ ಆಗಿರಲಿ, ಸಾಮಾನ್ಯ ಸ್ಥಾನಕ್ಕೆ. 1957ರಲ್ಲಿ, ಒಂದು ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಿದ್ದ ಆಂಧ್ರದ ಪಾರ್ವತೀಪುರಂನಲ್ಲಿ ಹೀಗೆ ಎರಡೂ ಸ್ಥಾನ ಪರಿಶಿಷ್ಟ ಪಂಗಡದವರಿಗೆ ಹೋಗಿ, ಮುಂದೆ ಮೈಸೂರಿನ ರಾಜ್ಯಪಾಲರಾದ ವಿ.ವಿ. ಗಿರಿ ಸೋತರು. ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನು ಎತ್ತಿಹಿಡಿಯಿತು. 1961ರಲ್ಲಿ ಕಾನೂನು ತಂದು ಇಬ್ಬರು ಸದಸ್ಯರ ಕ್ಷೇತ್ರಗಳನ್ನೇ ರದ್ದು ಮಾಡಿದರು.

ಇದನ್ನು ಮಾಡಿ ನೋಡುವ ಶಿಕ್ಷಕರಿಗೆ ಒಂದು ಮಾತು: ಚೀಟಿಗಳಿಗೆ ಸಂಖ್ಯೆ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಜೋಡಿ ಸಿಕ್ಕುವುದಿಲ್ಲ. ಸೂಚನೆಯನ್ನು ಎರಡನೆಯ ಸಲ ಹೇಳಬೇಡಿ. ನಾನು ಪಕ್ಕಕ್ಕಿಟ್ಟ ಏಳು ಚೀಟಿಗಳು ಒಂದು ಲಕೋಟೆಯಲ್ಲಿ ನನ್ನ ಮೇಜಿನ ಖಾನೆಯಲ್ಲಿವೆ.